ಓಟಗಾರರ ವಿದ್ಯಾರ್ಥಿವೇತನದ ಪೂರ್ವಕಥೆ

ಅಮೆರಿಕದ ಹೈಸ್ಕೂಲುಗಳಲ್ಲಿ ವೇಗವಾಗಿ ಓಡಬಲ್ಲವರನ್ನು ಕಾಲೇಜಿನ ತರಬೇತುದಾರರು ಅರಸಿಕೊಂಡು ಬಂದು, ಅವರ ಶುಲ್ಕ, ಊಟ, ವಸತಿಗಳ ಭಾರವನ್ನು ಕಾಲೇಜೇ ಹೊರುವಂತೆ ಮಾಡುವ ಪದ್ಧತಿ ಇಂದು ಸಹಜವೆಂದು ತೋರಿದರೂ, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಇದಕ್ಕೆ ಪೂರ್ಣ ಸಮ್ಮತಿಯಿತ್ತದ್ದು 1956ರಲ್ಲಿ. ಅದಕ್ಕೆ ಮುನ್ನವೂ ಆಟಗಾರರನ್ನು ಆಮಿಷವೊಡ್ಡಿ ಸೆಳೆಯುವುದು ವ್ಯಾಪಕವಾಗಿತ್ತೆಂಬುದನ್ನು ಕಾರ್ನೆಗಿ ಪ್ರತಿಷ್ಠಾನದ 1929ರ ವರದಿ ಬಯಲಿಗೆ ತಂದಿತ್ತು; ಆದರೆ ಆ ಗುಪ್ತಧನ ಹರಿದದ್ದು ಮುಖ್ಯವಾಗಿ ಫುಟ್‌ಬಾಲಿನ ಕಡೆಗೆ.

ಓಟಗಾರನ ಪಾಲಿಗೆ ಏನು ಉಳಿಯುತ್ತಿತ್ತೆಂಬುದನ್ನು ಜೆಸ್ಸಿ ಓವೆನ್ಸರ ಚರಿತ್ರೆಯಲ್ಲಿ ಕಾಣಬಹುದು. ಕ್ಲೀವ್‌ಲೆಂಡಿನ ಹೈಸ್ಕೂಲು ವಿದ್ಯಾರ್ಥಿಯಾಗಿದ್ದ ಈ ತರುಣ 1933ರಲ್ಲಿ ಷಿಕಾಗೋದ ಅಂತರಶಾಲಾ ಕೂಟದಲ್ಲಿ ನೂರು ಗಜವನ್ನು 9.4 ಸೆಕೆಂಡಿನಲ್ಲಿ ಕ್ರಮಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದಾಗ, ಹಲವು ಕಾಲೇಜುಗಳ ದೃಷ್ಟಿ ಅವನ ಮೇಲೆ ಬಿದ್ದುದರಲ್ಲಿ ಆಶ್ಚರ್ಯವೇನಿಲ್ಲ. ಆದರೂ ಅವನು ಸೇರಿದ ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯ ಅವನಿಗೆ ವಿದ್ಯಾರ್ಥಿವೇತನವನ್ನು ಕೊಡಲಿಲ್ಲ. ಕಪ್ಪುವರ್ಣದವನಾದ್ದರಿಂದ ಆವರಣದ ವಸತಿಗೃಹದಲ್ಲಿಯೂ ಸ್ಥಳ ದೊರೆಯಲಿಲ್ಲ. ಕೊಲಂಬಸ್ ನಗರದ ಶಾಸನಭವನದಲ್ಲಿ ಸರಕಿನ ಲಿಫ್ಟನ್ನು ನಡೆಸಿ ಅವನು ತನ್ನ ಓದಿನ ವೆಚ್ಚವನ್ನು ತಾನೇ ದುಡಿಯಬೇಕಾಯಿತು. ಅದೇ ಓವೆನ್ಸ್ 1935ರ ಮೇ 25ರಂದು ಆ್ಯನ್ ಆರ್ಬರಿನಲ್ಲಿ, ಬೆನ್ನುನೋವನ್ನು ಲೆಕ್ಕಿಸದೆ, ಒಂದು ಗಂಟೆಯೂ ತುಂಬುವ ಮುನ್ನ ಮೂರು ವಿಶ್ವದಾಖಲೆಗಳನ್ನು ಸ್ಥಾಪಿಸಿ ನಾಲ್ಕನೆಯದನ್ನು ಸರಿಗಟ್ಟಿದನು. ವಿಶ್ವವಿದ್ಯಾನಿಲಯಕ್ಕೆ ಇಷ್ಟು ಕೀರ್ತಿ ತಂದವನಿಗೆ ಮಲಗಲೊಂದು ಕೊಠಡಿಯನ್ನೂ ಕೊಡದ ಆ ವ್ಯವಸ್ಥೆಯನ್ನು ಕ್ಷಮಿಸಲು ನನ್ನ ಮನಸ್ಸು ಒಪ್ಪದು.

ಹುಡುಗಿಯರ ಹಾದಿ ಇನ್ನೂ ಇಕ್ಕಟ್ಟಾಗಿತ್ತು. ಟೆನೆಸಿ ಸ್ಟೇಟ್ ಕಾಲೇಜಿನ ತರಬೇತುದಾರ ಎಡ್ ಟೆಂಪಲ್, ಬಾಸ್ಕೆಟ್‌ಬಾಲ್ ಪಂದ್ಯವೊಂದರಲ್ಲಿ ವಿಲ್ಮಾ ರುಡಾಲ್ಫಳ ಕಾಲಿನ ಚುರುಕನ್ನು ಗುರುತಿಸಿ, ಅವಳಿನ್ನೂ ಹೈಸ್ಕೂಲಿನಲ್ಲಿರುವಾಗಲೇ ತನ್ನ ಬೇಸಗೆ ಶಿಬಿರಕ್ಕೆ ಕರೆಸಿಕೊಂಡನು. ಹದಿನಾರರ ಆ ಬಾಲೆ 1956ರ ಮೆಲ್ಬರ್ನ್ ಒಲಿಂಪಿಕ್ಸಿನ ರಿಲೇ ಓಟದಲ್ಲಿ ಕಂಚಿನ ಪದಕವನ್ನು ಪಡೆದಳು. ಟೆಂಪಲ್‌ನ ಓಟಗಾರ್ತಿಯರಿಗೂ ಆಗ ಕ್ರೀಡಾವೇತನವಿರಲಿಲ್ಲ. ಆವರಣದಲ್ಲಿ ದಿನಕ್ಕೆ ಎರಡು ತಾಸು ದುಡಿದು ಅವರು ಓದಿದರು. ವಿಲ್ಮಾ 1960ರಲ್ಲಿ ರೋಮಿನಿಂದ ಮೂರು ಚಿನ್ನದ ಪದಕಗಳೊಡನೆ ಮರಳಿದ್ದು ಅಂಥ ಕಾಲೇಜಿಗೆ.

ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸಿದ ಕಾಯಿದೆ 1972ರಲ್ಲಿ ಬಂದಾಗಲೂ, ಮಹಿಳಾ ಕಾಲೇಜು ಕ್ರೀಡೆಗಳನ್ನು ನಡೆಸುತ್ತಿದ್ದ ಎಐಎಡಬ್ಲ್ಯು ಸಂಸ್ಥೆಯೇ ಕ್ರೀಡಾವೇತನಕ್ಕೆ ಅಡ್ಡಿಯಾಗಿತ್ತು. ಪುರುಷರ ಕ್ರೀಡೆಗಳನ್ನು ಕೆಡಿಸಿದ ಸೆಳೆತದ ಪೈಪೋಟಿ ಹುಡುಗಿಯರನ್ನೂ ಮುಟ್ಟಬಾರದೆಂಬ, ಆ ಸಂಸ್ಥೆಯನ್ನು ನಡೆಸುತ್ತಿದ್ದ ಶಿಕ್ಷಕಿಯರ ಆತಂಕ ನಿರಾಧಾರವಾದುದಲ್ಲ. ಆದರೆ ಅದರ ಬೆಲೆಯನ್ನು ತೆರುತ್ತಿದ್ದವರು ದುಡಿದು ಓದಬೇಕಾದ ಬಡ ಹುಡುಗಿಯರು. ಫ್ಲಾರಿಡಾದಲ್ಲಿ ಟೆನಿಸ್ ಆಟಗಾರ್ತಿಯರು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 1973ರಲ್ಲಿ, ಕ್ರೀಡಾವೇತನದ ಮೇಲಿನ ಆ ನಿಷೇಧವನ್ನು ತೆಗೆದುಹಾಕಲಾಯಿತು.