ತೈಲ, ಅನಿಲ ಉತ್ಪಾದನೆ: ಸರಳರೇಖೆಯ ಮುನ್ನಂದಾಜು ಎಂದರೇನು?

2024ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಕೇಂದ್ರ ಸರ್ಕಾರವು ನಗರ ಅನಿಲ ವಿತರಣಾ ಸಂಸ್ಥೆಗಳಿಗೆ ನೀಡುತ್ತಿದ್ದ ಅಗ್ಗದ ದೇಶೀಯ ಅನಿಲದ ಪಾಲನ್ನು ಎರಡು ಬಾರಿ ಕಡಿತಗೊಳಿಸಿತು. ಕಡಿತದ ಒಂದು ಭಾಗವನ್ನು ನಂತರ ಮರಳಿಸಲಾಯಿತಾದರೂ ಮೂಲ ಸಮಸ್ಯೆ ಹಾಗೆಯೇ ಉಳಿದಿದೆ. ಒಂದೆಡೆ ಸಿಎನ್‌ಜಿ ಬೇಡಿಕೆ ಏರುತ್ತಿದ್ದರೆ, ಇನ್ನೊಂದೆಡೆ ಅಗ್ಗದ ಅನಿಲ ಒದಗಿಸುವ ಹಳೆಯ ನಿಕ್ಷೇಪಗಳು ಬತ್ತುತ್ತಿವೆ. ಆಟೊ ಚಾಲಕನಿಂದ ಹಿಡಿದು ಅಡುಗೆಮನೆಗೆ ಕೊಳವೆ ಅನಿಲ ಪಡೆದಿರುವ ಗೃಹಿಣಿಯವರೆಗೆ ಎಲ್ಲರ ಖರ್ಚಿಗೂ ಇದು ಸಂಬಂಧಿಸಿದೆ.

ಹಾಗಾದರೆ ನಿಕ್ಷೇಪವೊಂದು ಇನ್ನೆಷ್ಟು ವರ್ಷ ಬಾಳೀತು, ಇನ್ನೆಷ್ಟು ಕೊಟ್ಟೀತು ಎಂಬುದನ್ನು ತಜ್ಞರು ಲೆಕ್ಕ ಹಾಕುವುದು ಹೇಗೆ? ಇದಕ್ಕಿರುವ ಅತ್ಯಂತ ಹಳೆಯ ಹಾಗೂ ಸುಲಭ ವಿಧಾನವೇ ಇಳಿಮುಖ ರೇಖೆಯ ವಿಶ್ಲೇಷಣೆ. ಈವರೆಗಿನ ಉತ್ಪಾದನೆಯನ್ನು ನಕ್ಷೆಯಲ್ಲಿ ಬಿಂದುಗಳಾಗಿ ಗುರುತಿಸಿ, ಅವುಗಳ ಮೂಲಕ ಗೆರೆ ಎಳೆದು ಮುಂದಕ್ಕೆ ಚಾಚುವುದೇ ಇದರ ತಿರುಳು.

ಉತ್ಪಾದನೆ ಕುಸಿಯುವುದೇಕೆ?

ನೆಲದಾಳದ ಶಿಲಾಪದರಗಳ ಸೂಕ್ಷ್ಮ ರಂಧ್ರಗಳಲ್ಲಿ ತೈಲ ಮತ್ತು ಅನಿಲ ಭಾರೀ ಒತ್ತಡದಲ್ಲಿ ಅಡಗಿರುತ್ತವೆ. ಬಾವಿ ಕೊರೆದಾಗ ಅವುಗಳನ್ನು ಮೇಲಕ್ಕೆ ತಳ್ಳುವುದು ಈ ಒತ್ತಡವೇ. ಹೊರತೆಗೆದಷ್ಟೂ ಒತ್ತಡ ಇಳಿಯುತ್ತದೆ. ಜೊತೆಗೆ ಸುತ್ತಲಿನ ನೀರು ಬಾವಿಯತ್ತ ನುಗ್ಗುತ್ತದೆ. ಆದ್ದರಿಂದ ಹೊಸ ಬಾವಿ ಕೊರೆಯದೆ, ನೀರು ಅಥವಾ ಅನಿಲ ತುಂಬಿ ಒತ್ತಡ ಕಾಯ್ದುಕೊಳ್ಳದೆ ಇದ್ದಲ್ಲಿ ಉತ್ಪಾದನೆ ಕುಸಿಯುವುದು ಸಹಜ.

ಎರಡು ಬಿಂದು, ಎರಡು ಉತ್ತರ

ಉದಾಹರಣೆಗೆ, ಬಾವಿಯೊಂದು ದಿನಕ್ಕೆ 1,000 ಬ್ಯಾರೆಲ್ ತೈಲ ನೀಡುತ್ತಿದ್ದು, ಒಂದು ವರ್ಷದ ನಂತರ 900 ಬ್ಯಾರೆಲ್‌ಗೆ ಇಳಿಯಿತೆಂದು ಭಾವಿಸೋಣ. ಉತ್ಪಾದನೆ 100 ಬ್ಯಾರೆಲ್‌ಗಿಂತ ಕೆಳಗಿಳಿದರೆ ಬಾವಿ ನಡೆಸುವುದು ನಷ್ಟದ ಬಾಬ್ತು ಎಂದೂ ಇಟ್ಟುಕೊಳ್ಳೋಣ.

ವರ್ಷಕ್ಕೆ 100 ಬ್ಯಾರೆಲ್‌ನಂತೆ ಇಳಿಯುತ್ತದೆ ಎಂದು ಸಾಮಾನ್ಯ ನಕ್ಷೆಯ ಮೇಲೆ ಸರಳರೇಖೆ ಎಳೆದರೆ ಬಾವಿಯ ಆಯುಷ್ಯ 9 ವರ್ಷ. ಒಟ್ಟು ದೊರೆಯುವ ತೈಲ ಸುಮಾರು 18 ಲಕ್ಷ ಬ್ಯಾರೆಲ್. ಅದರ ಬದಲು ಪ್ರತಿವರ್ಷ ಹಿಂದಿನ ವರ್ಷದ ಶೇ 10ರಷ್ಟು ಇಳಿಯುತ್ತದೆ ಎಂದುಕೊಂಡರೆ ಆಯುಷ್ಯ ಸುಮಾರು 22 ವರ್ಷ. ದೊರೆಯುವ ತೈಲ 31 ಲಕ್ಷ ಬ್ಯಾರೆಲ್. ಎರಡನೆಯ ಲೆಕ್ಕವೂ ಒಂದು ಸರಳರೇಖೆಯೇ. ಉತ್ಪಾದನೆಯನ್ನು ಲಾಗರಿದಂ ಮಾಪಕದಲ್ಲಿ ಗುರುತಿಸಿದಾಗ ಅದು ನೇರವಾಗಿ ಕಾಣುತ್ತದೆ, ಅಷ್ಟೇ.

ಮೊದಲ ವರ್ಷದ ಅಂಕಿಗಳು ಒಂದೇ. ಆದರೆ ಗೆರೆ ಎಳೆಯುವ ಕಾಗದ ಬದಲಾದೊಡನೆ ಉತ್ತರದಲ್ಲಿ 13 ಲಕ್ಷ ಬ್ಯಾರೆಲ್ ವ್ಯತ್ಯಾಸವಾಯಿತು. ಈ ವಿಧಾನದ ಶಕ್ತಿ ಮತ್ತು ಅಪಾಯ ಎರಡೂ ಇಲ್ಲಿಯೇ ಇವೆ.

ಆರ್ಪ್ಸ್ ಹಾಕಿದ ತಳಹದಿ

ಈ ಲೆಕ್ಕಾಚಾರಕ್ಕೆ ಶಾಸ್ತ್ರೀಯ ರೂಪ ನೀಡಿದವರು ಜೆ.ಜೆ. ಆರ್ಪ್ಸ್. 1945ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಅವರು ಕುಸಿತದ ಮಾದರಿಗಳನ್ನು ವರ್ಗೀಕರಿಸಿದರು. ಕುಸಿತದ ಪ್ರಮಾಣ ಸ್ಥಿರವಾಗಿರುವುದು ಒಂದು ಬಗೆ. ಕಾಲ ಕಳೆದಂತೆ ಕುಸಿತದ ವೇಗವೇ ತಗ್ಗುತ್ತಾ ಹೋಗುವುದು ಇನ್ನೊಂದು ಬಗೆ. ಮೊದಲನೆಯದು ಲಾಗರಿದಂ ನಕ್ಷೆಯಲ್ಲಿ ಸರಳರೇಖೆಯಾದರೆ, ಎರಡನೆಯದು ಅಲ್ಲಿಯೂ ಬಾಗುತ್ತದೆ. ಅಂತಹ ಬಾವಿಗೆ ಆರಂಭಿಕ ವರ್ಷಗಳ ಕುಸಿತ ನೋಡಿ ನೇರ ಗೆರೆ ಎಳೆದರೆ ಅಂದಾಜು ವಾಸ್ತವಕ್ಕಿಂತ ಕಡಿಮೆಯಾಗುತ್ತದೆ. ಅಮೆರಿಕದ ಶೇಲ್ ಶಿಲೆಯ ಬಾವಿಗಳು ಇದಕ್ಕೆ ನಿದರ್ಶನ. ಮೊದಲ ವರ್ಷದಲ್ಲೇ ಅವುಗಳ ಉತ್ಪಾದನೆ ಅರ್ಧಕ್ಕಿಂತ ಹೆಚ್ಚು ಕುಸಿಯುವುದು ಸಾಮಾನ್ಯ; ಅನಂತರ ಅಲ್ಪ ಪ್ರಮಾಣದಲ್ಲಿ ಹಲವು ವರ್ಷ ಮುಂದುವರಿಯುತ್ತದೆ.

ಬಾವಿಯಿಂದ ದೇಶಕ್ಕೆ

ಒಂದು ಬಾವಿಯ ಲೆಕ್ಕವನ್ನು ಇಡೀ ದೇಶಕ್ಕೆ ಅನ್ವಯಿಸಲು ಹೊರಟಾಗ ತೊಡಕು ಹೆಚ್ಚುತ್ತದೆ. ಶೆಲ್ ಕಂಪನಿಯ ಭೂವಿಜ್ಞಾನಿ ಎಂ. ಕಿಂಗ್ ಹಬರ್ಟ್ 1956ರಲ್ಲಿ, ಅಲಾಸ್ಕಾ ಹೊರತುಪಡಿಸಿದ ಅಮೆರಿಕದ ತೈಲೋತ್ಪಾದನೆ 1965 ಮತ್ತು 1970ರ ನಡುವೆ ಶಿಖರ ಮುಟ್ಟಿ ಇಳಿಯತೊಡಗುತ್ತದೆ ಎಂದಿದ್ದರು. 1970ರಲ್ಲಿ ಅದು ನಿಜವಾಯಿತು. ಹಬರ್ಟ್ ಅವರ ಗಣಿತದಿಂದಲೇ ಮತ್ತೊಂದು ಸರಳರೇಖೆಯೂ ಹುಟ್ಟಿತು. ವಾರ್ಷಿಕ ಉತ್ಪಾದನೆಯನ್ನು ಅದುವರೆಗಿನ ಒಟ್ಟು ಉತ್ಪಾದನೆಯಿಂದ ಭಾಗಿಸಿ, ಆ ಒಟ್ಟು ಉತ್ಪಾದನೆಯ ಎದುರು ಗುರುತಿಸುತ್ತಾ ಹೋದರೆ ಬಿಂದುಗಳು ಕ್ರಮೇಣ ನೇರ ಸಾಲಿಗೆ ಬರುತ್ತವೆ. ಆ ಸಾಲು ತಳರೇಖೆಯನ್ನು ಮುಟ್ಟುವ ಜಾಗವೇ ಅಂತಿಮವಾಗಿ ದೊರೆಯುವ ಒಟ್ಟು ತೈಲ ಎಂಬುದು ಇದರ ವಾದ.

ಈ ವಿಧಾನವನ್ನು ಜನಪ್ರಿಯಗೊಳಿಸಿದ ಭೂವಿಜ್ಞಾನಿ ಕೆನೆತ್ ಡೆಫೆಯಿಸ್, ಜಗತ್ತಿನ ತೈಲೋತ್ಪಾದನೆ 2005ರಲ್ಲಿ ಶಿಖರ ಮುಟ್ಟುತ್ತದೆ ಎಂದರು. ಆದರೆ ನಂತರದ ವರ್ಷಗಳಲ್ಲಿ ಉತ್ಪಾದನೆ ಆ ಮಟ್ಟವನ್ನು ದಾಟಿತು. ಅಮೆರಿಕದಲ್ಲೂ ಚಿತ್ರ ಬದಲಾಯಿತು. 1970ರಲ್ಲಿ ದಿನಕ್ಕೆ ಸುಮಾರು 96 ಲಕ್ಷ ಬ್ಯಾರೆಲ್ ಇದ್ದ ಉತ್ಪಾದನೆ 2008ರಲ್ಲಿ 50 ಲಕ್ಷಕ್ಕೆ ಇಳಿದಿತ್ತು. ಅಡ್ಡಲಾಗಿ ಬಾವಿ ಕೊರೆದು ಶೇಲ್ ಶಿಲೆಯನ್ನು ಸೀಳುವ ತಂತ್ರಜ್ಞಾನ ವ್ಯಾಪಕವಾದೊಡನೆ 2018ರಲ್ಲಿ ಹಳೆಯ ದಾಖಲೆ ಮುರಿದು, 2024ರಲ್ಲಿ 1.3 ಕೋಟಿ ಬ್ಯಾರೆಲ್ ಮೀರಿತು. ಗೆರೆಗೆ ಗೊತ್ತಿದ್ದುದು ಹಳೆಯ ನಿಕ್ಷೇಪಗಳ ಚರಿತ್ರೆ ಮಾತ್ರ.

ಭಾರತದ ಅನುಭವ

1974ರಲ್ಲಿ ಪತ್ತೆಯಾಗಿ 1976ರಲ್ಲಿ ಉತ್ಪಾದನೆ ಆರಂಭಿಸಿದ ಮುಂಬೈ ಹೈ, 1980ರ ದಶಕದಲ್ಲಿ ದಿನಕ್ಕೆ 4 ಲಕ್ಷ ಬ್ಯಾರೆಲ್‌ಗೂ ಹೆಚ್ಚು ತೈಲ ನೀಡುತ್ತಿತ್ತು. ಈಗ ಅದರ ಉತ್ಪಾದನೆ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿದಿದೆ. ಆದರೆ ಈ ಇಳಿಕೆ ಒಂದೇ ಗೆರೆಯಲ್ಲಿ ಸಾಗಿಲ್ಲ. 2000-01ರಿಂದ ಒಎನ್‌ಜಿಸಿ ಕೈಗೊಂಡ ಪುನರಭಿವೃದ್ಧಿ ಯೋಜನೆಗಳಲ್ಲಿ ಹೊಸ ಬಾವಿಗಳನ್ನು ಕೊರೆದು ಕುಸಿತವನ್ನು ತಡೆಯಲಾಯಿತು. 2025ರ ಜನವರಿಯಲ್ಲಿ ಉತ್ಪಾದನೆ ಹೆಚ್ಚಿಸುವ ತಾಂತ್ರಿಕ ಹೊಣೆಯನ್ನು ಬ್ರಿಟನ್ನಿನ ಬಿಪಿ ಕಂಪನಿಗೆ ವಹಿಸಲಾಯಿತು.

ಕೃಷ್ಣಾ-ಗೋದಾವರಿ ಕಡಲಾಳದ ಡಿ6 ಬ್ಲಾಕ್‌ನ ಕಥೆ ಇದಕ್ಕೆ ವ್ಯತಿರಿಕ್ತ. ರಿಲಯನ್ಸ್ 2002ರಲ್ಲಿ ಪತ್ತೆಹಚ್ಚಿದ ಇಲ್ಲಿನ ಮುಖ್ಯ ನಿಕ್ಷೇಪಗಳಿಂದ ದಿನಕ್ಕೆ 8 ಕೋಟಿ ಘನ ಮೀಟರ್ ಅನಿಲ ನಿರೀಕ್ಷಿಸಲಾಗಿತ್ತು. 2009ರ ಏಪ್ರಿಲ್‌ನಲ್ಲಿ ಉತ್ಪಾದನೆ ಆರಂಭವಾಗಿ, 2010ರಲ್ಲಿ ಬ್ಲಾಕ್‌ನ ಒಟ್ಟು ಉತ್ಪಾದನೆ 6 ಕೋಟಿಯ ಆಸುಪಾಸು ತಲುಪಿತು. 2013ರ ಅಂತ್ಯಕ್ಕೆ ಅದು 1.5 ಕೋಟಿಗಿಂತಲೂ ಕೆಳಗಿಳಿಯಿತು. ಸಾಕಷ್ಟು ಬಾವಿ ಕೊರೆಯದಿರುವುದೇ ಕಾರಣ ಎಂದು ಸರ್ಕಾರ ವಾದಿಸಿದರೆ, ಒತ್ತಡದ ಕುಸಿತ ಮತ್ತು ನೀರು-ಮರಳಿನ ನುಗ್ಗುವಿಕೆ ಕಾರಣ ಎಂದು ಕಂಪನಿ ಹೇಳಿತು. ಈ ಅನಿಲವನ್ನು ನಂಬಿ ನಿರ್ಮಿಸಿದ ಹಲವು ವಿದ್ಯುತ್ ಸ್ಥಾವರಗಳು ಇಂಧನವಿಲ್ಲದೆ ನಿಂತವು. 2020ರ ಫೆಬ್ರುವರಿಯಲ್ಲಿ ಮುಖ್ಯ ನಿಕ್ಷೇಪಗಳು ಸ್ಥಗಿತಗೊಂಡವು. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಅದೇ ಬ್ಲಾಕ್‌ನ ಮತ್ತೊಂದು ನಿಕ್ಷೇಪದಿಂದ ಅನಿಲ ಹರಿಯತೊಡಗಿತು.

ಇಲ್ಲಿ ಎರಡು ಪಾಠಗಳಿವೆ. ಉತ್ಪಾದನೆಯ ಚರಿತ್ರೆಯೇ ಇಲ್ಲದ ಹೊಸ ನಿಕ್ಷೇಪಕ್ಕೆ ಇಳಿಮುಖ ರೇಖೆ ಎಳೆಯಲಾಗದು. ಅಲ್ಲಿ ಇರುವುದು ನಿರೀಕ್ಷೆ ಮಾತ್ರ. ಎಳೆದ ರೇಖೆಯೂ ಆಯಾ ನಿಕ್ಷೇಪಕ್ಕೆ ಸಲ್ಲುತ್ತದೆಯೇ ಹೊರತು ಇಡೀ ಪ್ರದೇಶಕ್ಕಲ್ಲ.

ಓದುಗರು ಗಮನಿಸಬೇಕಾದುದು

ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ವರದಿಯಂತೆ, ಶಿಖರ ದಾಟಿದ ಸಾಂಪ್ರದಾಯಿಕ ನಿಕ್ಷೇಪಗಳಲ್ಲಿ ತೈಲ ವರ್ಷಕ್ಕೆ ಸರಾಸರಿ ಶೇ 5.6ರಷ್ಟು, ಅನಿಲ ಶೇ 6.8ರಷ್ಟು ಕುಸಿಯುತ್ತಿದೆ. ಇದು ಕುಸಿತ ತಡೆಯಲು ಹಣ ಸುರಿದ ಮೇಲಿನ ಪ್ರಮಾಣ. ಏನೂ ಮಾಡದಿದ್ದರೆ ಕುಸಿತ ಇನ್ನೂ ತೀವ್ರ.

ಆದ್ದರಿಂದ 'ಇಂತಿಷ್ಟು ವರ್ಷಗಳಲ್ಲಿ ತೈಲ ಮುಗಿಯಲಿದೆ' ಅಥವಾ 'ಇನ್ನು ಇಂತಿಷ್ಟು ವರ್ಷ ಚಿಂತೆಯಿಲ್ಲ' ಎಂಬ ಹೇಳಿಕೆ ಕಂಡಾಗ ಮೂರು ಪ್ರಶ್ನೆ ಕೇಳುವುದು ಒಳಿತು. ಗೆರೆ ಎಳೆದದ್ದು ಯಾವ ವರ್ಷಗಳ ಅಂಕಿಗಳ ಮೇಲೆ? ಇಳಿಕೆಯನ್ನು ಬ್ಯಾರೆಲ್ ಲೆಕ್ಕದಲ್ಲಿ ಹಿಡಿದಿದ್ದಾರೆಯೇ, ಶೇಕಡಾವಾರು ಲೆಕ್ಕದಲ್ಲಿಯೇ? ಹೊಸ ಬಾವಿ, ಹೊಸ ಹೂಡಿಕೆ ಆ ಲೆಕ್ಕದಲ್ಲಿ ಸೇರಿದೆಯೇ?

ಇದ್ದುದು ಇದ್ದಂತೆಯೇ ಸಾಗಿದರೆ ಏನಾಗುತ್ತದೆ ಎಂಬುದನ್ನಷ್ಟೇ ಸರಳರೇಖೆ ಹೇಳುತ್ತದೆ. ಎಷ್ಟು ಅನಿಲ ಆಮದು ಮಾಡಿಕೊಳ್ಳಬೇಕು, ಎಷ್ಟು ಹೂಡಿಕೆ ಬೇಕು ಎಂದು ನಿರ್ಧರಿಸಲು ಆ ಎಚ್ಚರಿಕೆ ಅತ್ಯಗತ್ಯ. ಅದನ್ನು ಭವಿಷ್ಯವಾಣಿ ಎಂದು ನಂಬಿದಾಗಲೇ ತೊಂದರೆ.