ಮುದ್ರೆಯೊತ್ತಿದ ಕಾಗದ

ಮುದ್ರೆಯ ಮಹಿಮೆಯನ್ನು ನಮ್ಮ ವಾಚಕರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಮುದ್ರೆಯುಂಗುರವೊಂದು ಕೈತಪ್ಪಿದ್ದರಿಂದ ಅಮಾತ್ಯ ರಾಕ್ಷಸನ ಸಂಕಲ್ಪವೆಲ್ಲ ತಲೆಕೆಳಗಾಯಿತು. ಆ ಕಥೆಯನ್ನೇ ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವೆಂಬ ಕನ್ನಡ ಗದ್ಯವಾಗಿ ನಮಗಿತ್ತನು. ಮುದ್ರೆಯೆಂದರೆ ಬರಿಯ ಗುರುತಲ್ಲ, ಒತ್ತಿದವನ ಮಾತು. ಈ ನಂಬಿಕೆ ಒಂದು ರಾಷ್ಟ್ರದ ನಡೆವಳಿಕೆಯೇ ಆಗಿರುವಾಗ, ಸರ್ಕಾರದ ಕೆಲಸಗಳೆಲ್ಲ ಅಂತರ್ಜಾಲಕ್ಕೆ ಏರಿದರೆ ಜನ ಏನು ಮಾಡುತ್ತಾರೆ? ಜಪಾನಿನ ಕಡೆಗೆ ಒಮ್ಮೆ ನೋಡೋಣ.

1784ರಲ್ಲಿ ಅಲ್ಲಿಯ ಶಿಕಾನೊಶಿಮಾ ದ್ವೀಪದಲ್ಲಿ ಚಿನ್ನದ ಪುಟ್ಟ ಮುದ್ರೆಯೊಂದು ದೊರೆಯಿತು. ಕ್ರಿ.ಶ. 57ರಲ್ಲಿ ಚೀನದ ಹಾನ್ ಚಕ್ರವರ್ತಿ ಜಪಾನಿನ ಅರಸನೊಬ್ಬನಿಗೆ ಕೊಟ್ಟ ಮುದ್ರೆ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅರಸರದೂ ಅಧಿಕಾರಿಗಳದೂ ಆಗಿದ್ದ ಈ ಪದ್ಧತಿ ಕಾಲಕ್ರಮದಲ್ಲಿ ಜನಸಾಮಾನ್ಯರದೂ ಆಯಿತು; 1873ರಲ್ಲಿ ಮೇಜಿ ಸರ್ಕಾರ ದಸ್ತಾವೇಜುಗಳಿಗೆ ಮುದ್ರೆಯನ್ನು ವಿಧಿಸಿತು. ‘ಹಾಂಕೊ’ ಎಂದು ಅದರ ಹೆಸರು. ಮನೆ ಕೊಳ್ಳುವಂಥ ದೊಡ್ಡ ವ್ಯವಹಾರಗಳಿಗೆ ಸಾಮಾನ್ಯವಾಗಿ ಪೌರಸಭೆಯಲ್ಲಿ ನೊಂದಾಯಿಸಿದ ಮುದ್ರೆಯನ್ನು ಬಳಸುತ್ತಾರೆ. ಕೆಲವು ಕಚೇರಿಗಳಲ್ಲಂತೂ ಕಿರಿಯನು ತನ್ನ ಮುದ್ರೆಯನ್ನು ಹಿರಿಯನ ಮುದ್ರೆಯ ಕಡೆಗೆ ತುಸು ಬಾಗಿಸಿ ಒತ್ತುವುದುಂಟು, ಅಕ್ಷರವೂ ನಮಸ್ಕರಿಸಬೇಕು!

2020ರ ಮಹಾಮಾರಿಯಲ್ಲಿ ಈ ನಾಡಿಗೆ ಪರೀಕ್ಷೆ ಒದಗಿತು. ಪ್ರತಿಯೊಬ್ಬ ನಿವಾಸಿಗೂ 1 ಲಕ್ಷ ಯೆನ್ ಕೊಡಲು ಹೊರಟ ಸರ್ಕಾರ ಅಂತರ್ಜಾಲದ ಮೂಲಕವೂ ಅರ್ಜಿ ಕರೆಯಿತು. ಬಂದ ಅರ್ಜಿಗಳನ್ನು ಪೌರಸಭೆಯ ನೌಕರರು ಒಂದೊಂದಾಗಿ ತಮ್ಮ ದಫ್ತರದೊಡನೆ ತಾಳೆ ನೋಡಬೇಕಾಯಿತು. ಕೊನೆಗೆ ಹಲವು ಊರುಗಳು, ಅಂಚೆಯಲ್ಲಿ ಕಳುಹಿಸಿದರೆ ಬೇಗ ಆಗುತ್ತದೆ ಎಂದುಬಿಟ್ಟವು. ಮನೆಯಿಂದಲೇ ಕೆಲಸ ಮಾಡಬೇಕಾಗಿದ್ದವರು ಮುದ್ರೆಯೊತ್ತುವುದಕ್ಕೆಂದೇ ಕಚೇರಿಗೆ ಓಡಿದರು. ಅದೇ ವರ್ಷ ಸಚಿವ ಕೋನೊ ತಾರೊ ಅವರು ಆಡಳಿತದಲ್ಲಿ ಮುದ್ರೆಯ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಲು ಕೈಹಾಕಿದರು. 2021ರ ಸೆಪ್ಟೆಂಬರಿನಲ್ಲಿ ಡಿಜಿಟಲ್ ಕಾರ್ಯಗಳಿಗೆಂದೇ ಒಂದು ಇಲಾಖೆ ಹುಟ್ಟಿತು.

ಇತ್ತ ಎಸ್ಟೋನಿಯವನ್ನು ನೋಡಿ. 1991ರಲ್ಲಿ ಸ್ವಾತಂತ್ರ್ಯವನ್ನು ಮರಳಿ ಪಡೆದ ಈ ಪುಟ್ಟ ದೇಶ ಸೋವಿಯತ್ ಕಾಲದ ಕಾಗದಪತ್ರದ ಪದ್ಧತಿಯನ್ನು ಉಳಿಸಿಕೊಳ್ಳುವ ಆಸೆಯಿಲ್ಲದೆ ಹೊಸದಾಗಿ ಕಟ್ಟತೊಡಗಿತು. 2002ರಲ್ಲಿ ಗುರುತಿನ ಚೀಟಿ, 2005ರಲ್ಲಿ ಅಂತರ್ಜಾಲದ ಮತದಾನ. 2017ರಲ್ಲಿ ಲಕ್ಷಾಂತರ ಚೀಟಿಗಳಲ್ಲಿ ದೋಷ ಕಂಡಾಗ ಸರ್ಕಾರ ಅದನ್ನು ಮುಚ್ಚಿಡದೆ ಸಾರಿ ಹೇಳಿ ಸರಿಪಡಿಸಿತು. ತನ್ನ ಮಾಹಿತಿಯನ್ನು ಯಾವ ಕಚೇರಿ ನೋಡಿತೆಂಬುದನ್ನು ಪ್ರಜೆಯೂ ನೋಡಬಹುದು. ಅಲ್ಲಿ ನಂಬಿಕೆ ಬೆಳೆದದ್ದು ಹೀಗೆ.

ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ 1980ರ ತಮ್ಮ ಗ್ರಂಥದಲ್ಲಿ, ಅನಿಶ್ಚಿತವಾದುದಕ್ಕೆ ಅಂಜುವ ಸ್ವಭಾವ ಒಂದೊಂದು ದೇಶದಲ್ಲಿ ಒಂದೊಂದು ಪ್ರಮಾಣದಲ್ಲಿದೆಯೆಂದು ಅಳೆದು ತೋರಿಸಿದರು. ಜಪಾನಿನಲ್ಲಿ ಅದು ಹೆಚ್ಚು. ಹಾಗೆಂದ ಮಾತ್ರಕ್ಕೆ ಸಂಸ್ಕೃತಿ ಹಣೆಬರಹವಲ್ಲ. ಜನರನ್ನು ಅಂಚೆಗೆ ಹಿಂದಿರುಗಿಸಿದ್ದು ಅವರ ಸ್ವಭಾವವಲ್ಲ, ಅರೆಬರೆಯಾದ ವ್ಯವಸ್ಥೆ.

ಈ ಮಾತು ನಮಗೂ ಸಲ್ಲುತ್ತದೆ. 2000ದ ಸುಮಾರಿಗೆ ಮೊದಲಾದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ದೊರೆಯುವಂತೆ ಮಾಡಿತು. ಆದರೂ ಮನೆಯ ಯಂತ್ರದಿಂದ ತೆಗೆದ ಪಹಣಿಯನ್ನು ನಾನು ಕೈಗಿತ್ತಾಗ ನಮ್ಮ ಹಿರಿಯರೊಬ್ಬರು ತಿರುತಿರುಗಿಸಿ ನೋಡಿ, “ಮೊಹರೆಲ್ಲಿ?” ಎಂದರು. ನಾನು ನಕ್ಕೆ, ಆಮೇಲೆ ನಾಚಿದೆ. ಮೊಹರಿಲ್ಲದ ಕಾಗದವನ್ನು ಹಿಡಿದು ಹೋಗಿ ಎಷ್ಟು ಸಲ ಬರಿಗೈಯಲ್ಲಿ ಮರಳಿದ್ದರೋ ಅವರು!

ನಿಮ್ಮ ಮನೆಯ ಹಿರಿಯರೂ ಹೀಗೆ ಕೇಳಿಯಾರು. ಆಗ ಅವರನ್ನು ಅಜ್ಞರೆನ್ನಬೇಡಿ. ಪಕ್ಕದಲ್ಲಿ ಕುಳಿತು, ಈ ಕಾಗದ ನಿಜವೆಂದು ತಿಳಿಯುವ ಬಗೆಯನ್ನು ತೋರಿಸಿಕೊಡಿ. ಕಚೇರಿಯವರೂ ಅದನ್ನು ಮಾತಿಲ್ಲದೆ ಒಪ್ಪಿಕೊಂಡರೆ, ಮುಂದಿನ ಸಲ ಅವರು ಮೊಹರನ್ನು ಕೇಳಲಾರರು.