ಖಾಲಿ ಬೀಳದ ರೂಮಿಗೆ ಬಾಡಿಗೆ

ನಾನು ಈ ಊರಿಗೆ ಬಂದು ನಾಲ್ಕು ದಶಕ ದಾಟಿತು. ಮದ್ರಾಸು ಚೆನ್ನೈ ಆದದ್ದು 1996ರಲ್ಲಿ, ಆದರೆ ಸಾಗರದ ನಮ್ಮ ಚಿಕ್ಕಮ್ಮನಿಗೆ ಇದು ಇಂದಿಗೂ ಮದ್ರಾಸೇ. ಅವರು ಕಣ್ಣಿನ ಆಪರೇಷನ್ನಿಗೆ ಬರ್ತೀನಿ ಅಂದರು. ಬೆಸೆಂಟ್ ನಗರದ ನಮ್ಮ ಮನೆ ಎರಡನೇ ಮಹಡಿ, ಲಿಫ್ಟಿಲ್ಲ. ಹತ್ತಿರದಲ್ಲೇ ಒಂದು ರೂಮು ಮಾಡೋಣ ಅಂತ ಕಂಪ್ಯೂಟರ್ ಮುಂದೆ ಕೂತೆ.

ಮೊದಲ ಪುಟದಲ್ಲಿ ದಿನಕ್ಕೆ 2,400 ರೂಪಾಯಿ ಅಂತಿತ್ತು. ಮೂರು ರಾತ್ರಿಗೆ 7,200. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ತೆರಿಗೆ, ಕನ್ವೀನಿಯನ್ಸ್ ಫೀ ಅಂತೆಲ್ಲ ಸೇರಿ ಎಂಟು ಸಾವಿರ ದಾಟಿತ್ತು. ಸಣ್ಣ ಅಕ್ಷರದಲ್ಲಿ 'ನಾನ್ ರಿಫಂಡಬಲ್' ಅಂತಲೂ ಇತ್ತು. ಓದಲಿಲ್ಲ, ತಪ್ಪು ನನ್ನದೇ. ಎರಡು ದಿನ ಇರುವಾಗ, ಶುಗರ್ ಜಾಸ್ತಿ ಇದೆ ಅಂತ ಡಾಕ್ಟರು ಆಪರೇಷನ್ ಮುಂದೂಡಿದರು. ಹೋಟೆಲಿಗೆ ಫೋನ್ ಮಾಡಿದರೆ "ಬುಕ್ ಮಾಡಿದ ಕಡೆ ಕೇಳಿ ಸಾರ್" ಅಂದರು. ಅಲ್ಲಿ ಕೇಳಿದರೆ "ಅದು ಹೋಟೆಲಿನ ಪಾಲಿಸಿ".

ಹಿಂದೆಲ್ಲಾ ಹೇಗಿತ್ತು ಅಂತ ಯೋಚನೆ ಹತ್ತಿತು. ಛತ್ರಗಳ ಕಾಲದಲ್ಲಿ ಈ ತಕರಾರೇ ಇರಲಿಲ್ಲ. ಬಂದವನಿಗೆ ಜಾಗ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಈ ಊರಿಗೆ ಹೋಟೆಲ್ ರೂಮಿನ ರುಚಿ ಹತ್ತಿಸಿದವರಲ್ಲಿ ನಮ್ಮ ಕರಾವಳಿಯವರದು ದೊಡ್ಡ ಪಾಲು. ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಶುರುಮಾಡಿದರು. ಕೆ. ಸೀತಾರಾಮ ರಾಯರ ದಾಸಪ್ರಕಾಶ್ ಪೂನಮಲ್ಲಿ ಹೈರೋಡಿನಲ್ಲಿ ಎದ್ದದ್ದು 1954ರಲ್ಲಿ. ಎಗ್ಮೋರಿನಲ್ಲಿ ರೈಲಿಳಿದ ಕನ್ನಡದವರಿಗೆ ಅದು ಗುರುತಿನ ಕಂಬದ ಹಾಗಿತ್ತು.

ನಮ್ಮ ಅಪ್ಪ ಮದ್ರಾಸಿಗೆ ಬರೋದಿದ್ದರೆ ಒಂದು ಲಾಡ್ಜಿಗೆ ಕಾರ್ಡು ಬರೆದು, ಒಂದು ದಿನದ ಬಾಡಿಗೆಯನ್ನು ಮನಿಯಾರ್ಡರ್ ಮಾಡುತ್ತಿದ್ದರು. ಒಮ್ಮೆ ಬರಲಾಗದೆ ತಂತಿ ಕೊಟ್ಟರು. ಮುಂದಿನ ಸಲ ಹೋದಾಗ ಮ್ಯಾನೇಜರು ಆ ದುಡ್ಡನ್ನು ಬಿಲ್ಲಿನಲ್ಲಿ ಕಳೆದುಕೊಂಡರಂತೆ. ಆ ದಿನ ರೂಮು ಬೇರೆಯವರಿಗೆ ಹೋಗಿತ್ತು, ಅವರಿಗೇನೂ ನಷ್ಟವಾಗಿರಲಿಲ್ಲ. ಎಲ್ಲರೂ ಹೀಗೇ ಇದ್ದರು ಅಂತ ನಾನು ಹೇಳೋದಿಲ್ಲ. ತಂತಿ 2013ಕ್ಕೆ ನಿಂತಿತು, ಹಳೆಯ ಮನಿಯಾರ್ಡರ್ 2015ಕ್ಕೆ.

ಅದು ಬರೀ ಆ ಮ್ಯಾನೇಜರ ಒಳ್ಳೆಯತನ ಅಂತ ನಾನು ತಿಳಿದಿದ್ದೆ. ಆದರೆ ಅದರ ಹಿಂದಿನ ತತ್ವ 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನಲ್ಲೇ ಇದೆ. ಕರಾರಿನಲ್ಲಿ ಎಷ್ಟೇ ದಂಡ ಬರೆದಿರಲಿ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದಿರುವ ಮೊತ್ತ ಅದರ ಮೇಲ್ಮಿತಿ.

ಇದಕ್ಕೊಂದು ಸ್ವಾರಸ್ಯದ ಕಥೆಯಿದೆ. 1947ರಲ್ಲಿ ಮೌಲಾ ಬಕ್ಸ್ ಎಂಬ ಗುತ್ತಿಗೆದಾರ ಉತ್ತರ ಪ್ರದೇಶದ ಸೇನೆಗೆ ಆಲೂಗಡ್ಡೆ, ಕೋಳಿ, ಮೊಟ್ಟೆ, ಮೀನು ಒದಗಿಸಲು ಒಪ್ಪಿಕೊಂಡು 10,000 ಮತ್ತು 8,500 ರೂಪಾಯಿ ಠೇವಣಿ ಇಟ್ಟ. ಸರಿಯಾಗಿ ಒದಗಿಸಲಿಲ್ಲ, ಸರ್ಕಾರ ಠೇವಣಿ ಮುಟ್ಟುಗೋಲು ಹಾಕಿಕೊಂಡಿತು. 1969ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ಬೇರೆ ಕಡೆ ಎಷ್ಟಕ್ಕೆ ಕೊಂಡಿರಿ, ಎಷ್ಟು ನಷ್ಟವಾಯಿತು ಅಂತ ತೋರಿಸಬಹುದಿತ್ತು. ತೋರಿಸಲಿಲ್ಲ, ದುಡ್ಡು ವಾಪಸು ಕೊಡಿ. ಮಿತವಾದ ಮುಂಗಡವನ್ನು ಇಟ್ಟುಕೊಳ್ಳುವುದು ಬೇರೆ ಮಾತು, ಅದು ದಂಡವಲ್ಲ ಅಂತಲೂ ಅದೇ ತೀರ್ಪು ಹೇಳುತ್ತದೆ. ಹಾಗಾಗಿ ಒಂದಷ್ಟು ಕಳೆದುಕೊಳ್ಳಲು ನಾವೂ ತಯಾರಿರಬೇಕು.

ಈಗಿನ ನಿಯಮಗಳೂ ಪೂರ್ತಿ ಬರಿಗೈಯಲ್ಲಿ ಬಿಡೋದಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಆನ್‌ಲೈನ್ ಕಂಪನಿ ತಾನೇ ಏಕಪಕ್ಷೀಯವಾಗಿ ರದ್ದು ಮಾಡಿದಾಗ ಅಂಥದೇ ಶುಲ್ಕ ಹೊರದಿದ್ದರೆ, ಗ್ರಾಹಕನಿಗೂ ರದ್ದತಿ ಶುಲ್ಕ ಹಾಕುವಂತಿಲ್ಲ. ಮೊದಲು ಕಡಿಮೆ ದರ ತೋರಿಸಿ ಕೊನೆಗೆ ಹನಿಹನಿಯಾಗಿ ಏರಿಸುವುದನ್ನು 2023ರ ನವೆಂಬರ್ 30ರ ಮಾರ್ಗಸೂಚಿ 13 'ಡಾರ್ಕ್ ಪ್ಯಾಟರ್ನ್'ಗಳಲ್ಲಿ ಒಂದು ಅಂತ ಪಟ್ಟಿ ಮಾಡಿದೆ. ದೂರಿಗೆ 1915 ಅನ್ನುವ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಇರಲಿ, ನನ್ನ ಕಥೆಗೆ ಬರುತ್ತೇನೆ. ಅದು ಸೆಪ್ಟೆಂಬರ್ ಮೊದಲ ವಾರ. ಇಲ್ಲಿನ ವೇಲಾಂಕಣ್ಣಿ ಚರ್ಚಿನ ಉತ್ಸವ ಆಗಸ್ಟ್ 29ಕ್ಕೆ ಧ್ವಜ ಏರಿದರೆ ಸೆಪ್ಟೆಂಬರ್ 8ರವರೆಗೆ ನಡೆಯುತ್ತದೆ. ಕಾವಿ ಬಟ್ಟೆ ತೊಟ್ಟು ಕಾಲ್ನಡಿಗೆಯಲ್ಲಿ ಬರುವವರಿಂದ ಎಲಿಯಟ್ಸ್ ಬೀಚಿನ ರಸ್ತೆಯೆಲ್ಲ ತುಂಬಿರುತ್ತದೆ. ಸಂಜೆ ವಾಕಿಂಗಿಗೆ ಹೋದಾಗ ಆ ಹೋಟೆಲಿನ ಮುಂದೆ ನಿಂತೆ. ಕೌಂಟರಿನಲ್ಲಿ ಒಂದು ಕುಟುಂಬಕ್ಕೆ "ರೂಮಿಲ್ಲ, ಎಲ್ಲಾ ಫುಲ್" ಅಂತ ಹೇಳುತ್ತಿದ್ದರು.

ರಾತ್ರಿ ಚಿಕ್ಕಮ್ಮನಿಗೆ ಫೋನಿನಲ್ಲಿ ದುಡ್ಡು ಹೋದ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ: "ಹಂಗಾರೆ ನಮ್ಮ ರೂಮು ಖಾಲಿ ಬಿದ್ದಿತ್ತೇನೋ?"

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಸುಪ್ರೀಂ ಕೋರ್ಟು ಕೇಳಿದ ಪ್ರಶ್ನೆಯನ್ನೇ ಕೇಳಿದ್ದರು!

ಮರುದಿನ ಹೋಟೆಲಿಗೂ ಬುಕ್ ಮಾಡಿದ ಕಡೆಗೂ ಬರೆದೆ. ಡಾಕ್ಟರ ಚೀಟಿ ಲಗತ್ತಿಸಿ, ಆ ಮೂರು ರಾತ್ರಿ ರೂಮು ಖಾಲಿ ಇತ್ತೇ ಅಂತ ಇದೇ ಪ್ರಶ್ನೆ ಹಾಕಿದೆ. ಹನ್ನೊಂದು ದಿನ ಉತ್ತರವಿಲ್ಲ. ಆಮೇಲೆ ಎರಡು ರಾತ್ರಿಯ ಬಾಡಿಗೆ ವಾಪಸು ಬಂತು. ಒಂದು ರಾತ್ರಿಯದು ಇಟ್ಟುಕೊಂಡರು. ಅದು ಮುಂಗಡ ಅಂದುಕೊಂಡು ಸುಮ್ಮನಾದೆ. ಕನ್ವೀನಿಯನ್ಸ್ ಫೀ ಬರಲಿಲ್ಲ. ಅದು ಯಾರ ಕನ್ವೀನಿಯನ್ಸಿಗೋ!

ಚಿಕ್ಕಮ್ಮ ಮುಂದಿನ ತಿಂಗಳು ಬಂದರು. ಈ ಸಲ ನಾನೇ ನಡೆದು ಹೋಗಿ ರೂಮು ನೋಡಿ, ಒಂದು ದಿನದ ಅಡ್ವಾನ್ಸ್ ಕೊಟ್ಟು, ಯಾವಾಗಿನವರೆಗೆ ರದ್ದು ಮಾಡಬಹುದು ಅಂತ ರಸೀದಿಯ ಹಿಂದೆ ಬರೆಸಿಕೊಂಡು ಬಂದೆ.